ಓಕ್ಲೆಂಡ್‌ನ ಕೊನೆಯ ಸೆಪ್ಟೆಂಬರ್

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಮಾರ್ಚ್ ಕೊನೆಯಲ್ಲಿ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೂ ಹೆಚ್ಚುಕಡಿಮೆ ದಿನವೂ ಆಟ. ಆಗಸ್ಟ್ ಕಳೆಯುವಷ್ಟರಲ್ಲಿ ಯಾರಿಗೆ ಪ್ಲೇ ಆಫ್, ಯಾರಿಗೆ ಇಲ್ಲ ಎಂಬುದು ಬಹುಮಟ್ಟಿಗೆ ಇತ್ಯರ್ಥವಾಗಿರುತ್ತದೆ. ಆದರೂ ಹಿಂದುಳಿದ ತಂಡಗಳು ಸೆಪ್ಟೆಂಬರ್ ಪೂರ್ತಿ ಆಡಲೇಬೇಕು. ಆ ತಿಂಗಳಲ್ಲೂ ಟಿಕೆಟ್ ಕೊಂಡು ಮೈದಾನಕ್ಕೆ ಬರುವವರಿಗೆ ಅಂಕಪಟ್ಟಿಯ ಹಂಗಿಲ್ಲ. ಆ ಆಟಗಾರರನ್ನು ನೋಡದಿದ್ದರೆ ಅವರಿಗೆ ಸಂಜೆ ಕಳೆಯುವುದಿಲ್ಲ, ಅಷ್ಟೆ.

2024ರ ಸೆಪ್ಟೆಂಬರ್‌ನಲ್ಲಿ ನಾನು ಬೆನ್ನು ಹತ್ತಿ ಹೋದದ್ದು ಅಂಥದೇ ತಂಡವನ್ನು: ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಥ್ಲೆಟಿಕ್ಸ್, ಜನರ ಬಾಯಲ್ಲಿ ‘ಏಸ್’. ಪ್ಲೇ ಆಫ್ ಆಸೆ ಎಂದೋ ಮುಗಿದಿತ್ತು. ಅದಕ್ಕಿಂತ ದೊಡ್ಡ ಸಂಗತಿ, ಆ ತಂಡ ಓಕ್ಲೆಂಡ್ ಊರನ್ನೇ ಬಿಟ್ಟು ಹೊರಟಿತ್ತು. ಲಾಸ್ ವೇಗಸ್‌ಗೆ ಸ್ಥಳಾಂತರ ಮಾಡಲು 2023ರ ನವೆಂಬರ್‌ನಲ್ಲಿ ಲೀಗ್‌ನ ಮೂವತ್ತೂ ತಂಡಗಳ ಮಾಲೀಕರು ಒಮ್ಮತದಿಂದ ಮತ ಹಾಕಿದ್ದರು. ಅಲ್ಲಿ ಕ್ರೀಡಾಂಗಣ ಸಿದ್ಧವಾಗುವವರೆಗೆ ಸ್ಯಾಕ್ರಮೆಂಟೊದ ಒಂದು ಸಣ್ಣ ಮೈದಾನದಲ್ಲಿ ಬಿಡಾರ. 1968ರಿಂದ ಇದ್ದ ಮನೆಗೆ ಬೀಗ ಬೀಳುವ ವಾರ ಅದು.

ನನಗೆ ಈ ತಂಡದ ನಂಟು ಅಕ್ಕನ ಮನೆಯಿಂದ ಬಂದದ್ದು. ಓಕ್ಲೆಂಡ್‌ಗೆ ಹತ್ತಿರದ ಫ್ರೀಮಾಂಟ್‌ನಲ್ಲಿ ಮೂವತ್ತೈದು ವರ್ಷಕ್ಕೂ ಮಿಕ್ಕಿ ನೆಲೆಸಿರುವ ಭಾವ ಅದರ ಕಟ್ಟಾ ಅಭಿಮಾನಿ. ಓಕ್ಲೆಂಡ್‌ನಲ್ಲಿ ಸಂಜೆ 6.40ಕ್ಕೆ ಆಟ ಶುರುವಾದರೆ ಮೈಸೂರಿನಲ್ಲಿ ಮರುದಿನ ಬೆಳಿಗ್ಗೆ 7.10, ಎಷ್ಟೋ ವರ್ಷಗಳಿಂದ ನನ್ನ ಬೆಳಗಿನ ಕಾಫಿ ಅವರ ರಾತ್ರಿ ಪಂದ್ಯದ ಜೊತೆಗೇ ನಡೆದಿದೆ. ತಂಡದ ಅಂಗಿಯ ತೋಳಿನ ಮೇಲೆ ಆನೆ ಇರುವುದೂ ಮೈಸೂರಿನವನಾದ ನನ್ನನ್ನು ಹಿಡಿದಿಟ್ಟಿತು. ಆ ಆನೆ ಅವಮಾನದಿಂದ ಹುಟ್ಟಿದ ಲಾಂಛನ. ತಂಡ ಫಿಲಡೆಲ್ಫಿಯಾದಲ್ಲಿದ್ದಾಗ, 1902ರಲ್ಲಿ, ಎದುರಾಳಿ ತಂಡದ ಜಾನ್ ಮೆಗ್ರಾ ಎಂಬುವರು ಇದೊಂದು ಬಿಳಿಯಾನೆ ಎಂದು ಹಳಿದರು. ಏಸ್ ತಂಡದ ಕಾನಿ ಮ್ಯಾಕ್ ಆ ಬೈಗುಳವನ್ನೇ ಎತ್ತಿ ಅಂಗಿಗೆ ಹೊಲಿಸಿಬಿಟ್ಟರು. ಒಟ್ಟು ಐವತ್ತು ವರ್ಷ ಕಾಲ ಆ ತಂಡವನ್ನು ನಡೆಸಿದ ಮಹಾನುಭಾವ ಅವರು.

ಕೊನೆಯ ತವರು ಸರಣಿ 2023ರ ಚಾಂಪಿಯನ್ ಟೆಕ್ಸಸ್ ರೇಂಜರ್ಸ್ ಜೊತೆ. ಫ್ರೀಮಾಂಟ್‌ನಿಂದ ಬಾರ್ಟ್ ರೈಲಿನಲ್ಲಿ ಕೊಲಿಸಿಯಂ ನಿಲ್ದಾಣಕ್ಕೆ ನೇರ ದಾರಿ. ಇಳಿದೊಡನೆ ಒಂದು ಉದ್ದನೆಯ ಕಾಂಕ್ರೀಟ್ ಕಾಲುಸೇತುವೆ. ಎರಡು ಬದಿಗೂ ತಂತಿ ಬಲೆ, ಅದರ ಮೇಲೆ ಮುಳ್ಳುತಂತಿ. ನೋಡಲು ಜೈಲಿನ ಹಾದಿ, ಆದರೆ ಅಷ್ಟು ಸಂಭ್ರಮದ ಹಾದಿಯನ್ನು ನಾನು ಅಮೆರಿಕದಲ್ಲಿ ಬೇರೆಲ್ಲೂ ಕಂಡಿಲ್ಲ. ತಳ್ಳುಗಾಡಿಯ ಹೆಂಚಿನ ಮೇಲೆ ಈರುಳ್ಳಿ ಬೇಯುವ ಘಮ, ಐಸ್ ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ಮಾರುವ ಹುಡುಗರು, ಹಸಿರು ಅಂಗಿ ರಾಶಿ ಹಾಕಿಕೊಂಡು ಕೂಗುವವರು. ಅಂಗಿಗಳ ಮೇಲೆ ಒಂದೇ ಮಾತು, ‘ಸೆಲ್’. ಮಾಲೀಕರಿಗೆ ಹೇಳಿದ ಮಾತು ಅದು: ನಡೆಸಲು ಮನಸ್ಸಿಲ್ಲದಿದ್ದರೆ ತಂಡವನ್ನು ಮಾರಿ, ಊರಿನಲ್ಲೇ ಉಳಿಯಲಿ.

ಕೊಲಿಸಿಯಂ ಸುಂದರ ಕ್ರೀಡಾಂಗಣವಲ್ಲ. 1966ರಲ್ಲಿ ನೆಲ ಅಗೆದು ಕಟ್ಟಿದ ಕಾಂಕ್ರೀಟ್ ಬಟ್ಟಲು. ಮೊದಲು ಹಿಂಬದಿಯಲ್ಲಿ ಓಕ್ಲೆಂಡ್‌ನ ಗುಡ್ಡಗಳು ಕಾಣುತ್ತಿದ್ದವಂತೆ. ಅಮೆರಿಕನ್ ಫುಟ್‌ಬಾಲ್ ತಂಡ ರೈಡರ್ಸ್ 1995ರಲ್ಲಿ ಊರಿಗೆ ಮರಳಿದಾಗ ಅದಕ್ಕಾಗಿ ಎಬ್ಬಿಸಿದ ಅಟ್ಟಣೆ ಆ ನೋಟವನ್ನು ಮುಚ್ಚಿತು. ಆ ರೈಡರ್ಸ್ ಕೂಡ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು. ಅದಕ್ಕೂ ಹಿಂದಿನ ವರ್ಷ ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿತು. ಚರಂಡಿ ಉಕ್ಕಿ ಆಟಗಾರರ ಕೋಣೆಗೆ ನುಗ್ಗಿದ ದಿನಗಳೂ ಇಲ್ಲಿ ಕಂಡಿವೆ. ಮನೆ ಹಳೆಯದು ನಿಜ. ಹಳೆಯದಾಗಲು ಬಿಟ್ಟವರು ಯಾರು ಎಂಬುದೇ ಪ್ರಶ್ನೆ. ಜನ ಬರುವುದಿಲ್ಲ ಎಂಬ ದೂರಿಗೆ ಅಭಿಮಾನಿಗಳು 2023ರ ಜೂನ್ 13ರಂದು ಉತ್ತರ ಕೊಟ್ಟಿದ್ದರು. ತಾವೇ ಮಾತಾಡಿಕೊಂಡು, ಮಂಗಳವಾರದ ಮಾಮೂಲಿ ಪಂದ್ಯವೊಂದಕ್ಕೆ 27,759 ಮಂದಿ ಬಂದು ಕುಳಿತರು. ಭಾವ ಆ ದಿನವೂ ಇದ್ದರು.

ಕೊನೆಯ ಸರಣಿಯ ಮೊದಲ ಸಂಜೆ ನಾವು ಬಲ ಹೊರಾಂಗಣದ ಬೆಂಚುಗಳ ಹತ್ತಿರ ಕುಳಿತೆವು. ಆ ಮೂಲೆಯಲ್ಲಿ ತಮಟೆಯಷ್ಟೇ ಗಟ್ಟಿ ದನಿಯ ಡ್ರಮ್‌ಗಳು, ಮನೆಯಲ್ಲೇ ಹೊಲಿದ ಬಾವುಟಗಳು. ನಮ್ಮ ಮುಂದಿನ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಪೆನ್ಸಿಲಿನಿಂದ ಪ್ರತಿ ಚೆಂಡಿನ ಲೆಕ್ಕ ಬರೆಯುತ್ತಿದ್ದರು. ಪ್ರತಿ ಬ್ಯಾಟರ್‌ಗೆ ಒಂದು ಚೌಕ, ರನ್ ಬಂದರೆ ಆ ಚೌಕದೊಳಗೆ ತುಂಬಿದ ಕಪ್ಪು. ತಂಡ ಎಷ್ಟನೇ ಸ್ಥಾನದಲ್ಲಿದ್ದರೂ ಪೆನ್ಸಿಲಿನ ಮೊನೆ ಅಷ್ಟೇ ಚೂಪು. ಹೊಸ ಹುಡುಗ ಜೇಕಬ್ ವಿಲ್ಸನ್ ಬ್ಯಾಟ್ ಮಾಡಲು ಬಂದಾಗ ಮಾತ್ರ ಅವರು ತಲೆಯೆತ್ತಿದರು. ಚೆಂಡು ಬರುವವರೆಗೆ ಆತ ಬ್ಯಾಟನ್ನು ಒಂದು ಗಳಿಗೆಯೂ ಸುಮ್ಮನೆ ಹಿಡಿಯುವುದಿಲ್ಲ. ಅಲುಗಾಡಿಸುತ್ತ, ತಿರುಗಿಸುತ್ತ, ಕೊನೆಯ ಕ್ಷಣದಲ್ಲಿ ಪುಟ್ಟದಾಗಿ ಬೀಸುತ್ತಾನೆ. ಅವನ ತಂದೆ ಜ್ಯಾಕ್ ವಿಲ್ಸನ್ ಕೂಡ ಇದೇ ಲೀಗ್‌ನಲ್ಲಿ, ಇದೇ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಸ್ಥಾನದಲ್ಲಿ ಆಡಿದವರು. ಸೆಪ್ಟೆಂಬರ್ ಇರುವುದೇ ಇಂಥವರಿಗಾಗಿ. ಮುಂದಿನ ವರ್ಷದ ಜಾಗ ಹುಡುಕುವ ಹುಡುಗರು ಕೈ ತಪ್ಪಿದ ಪಂದ್ಯಗಳಲ್ಲೇ ಜೀವ ಬಿಟ್ಟು ಓಡುತ್ತಾರೆ. ಅದನ್ನು ನೋಡುವ ಸುಖ ದೊಡ್ಡ ಫೈನಲ್‌ಗಳಲ್ಲಿ ಸಿಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಸೆಪ್ಟೆಂಬರ್ 26, ಗುರುವಾರ. ಆಟ ಮಧ್ಯಾಹ್ನ 12.37ಕ್ಕೆ, ಆದರೆ ಬೆಳಿಗ್ಗೆಯೇ ವಾಹನ ನಿಲ್ಲಿಸುವ ಜಾಗದಲ್ಲಿ ಒಲೆ ಹೊತ್ತಿದ್ದವು. ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿ, ಪಲ್ಯವನ್ನು ನಾವು ಪಕ್ಕದ ಕುಟುಂಬದೊಂದಿಗೆ ಹಂಚಿಕೊಂಡು ತಿಂದೆವು. ಒಳಗೆ 46,889 ಜನ. ಮೊದಲ ಚೆಂಡು ಎಸೆಯುವ ಗೌರವ ಡೇವ್ ಸ್ಟೀವರ್ಟ್ ಮತ್ತು ರಿಕಿ ಹೆಂಡರ್ಸನ್ ಅವರದು. ಇಬ್ಬರೂ ಓಕ್ಲೆಂಡ್‌ನ ಬೀದಿಗಳಲ್ಲೇ ಬೆಳೆದವರು. ರಿಕಿ 1,406 ಬೇಸ್ ಕದ್ದ ದಾಖಲೆಯ ಒಡೆಯ. ರನ್ ಗಳಿಸಲು ಓಟಗಾರ ಒಂದೊಂದಾಗಿ ಮುಟ್ಟಬೇಕಾದ ಗುರುತುಗಳೇ ಬೇಸ್; ಪಿಚರ್, ಅಂದರೆ ಚೆಂಡು ಎಸೆಯುವವ, ಚೆಂಡು ಬಿಡುವ ಹೊತ್ತಿಗೆ ಮುಂದಿನ ಬೇಸಿಗೆ ಹಾರಿಹೋಗುವ ಆ ಕಲೆಯಲ್ಲಿ ಅವರ ಹತ್ತಿರಕ್ಕೂ ಯಾರೂ ಬಂದಿಲ್ಲ. ‘1991ರಲ್ಲಿ ಲೂ ಬ್ರಾಕ್ ಅವರ ದಾಖಲೆಯನ್ನು ರಿಕಿ ಮುರಿದದ್ದು ಅಗೋ, ಆ ಮೂರನೇ ಬೇಸಿನಲ್ಲೇ ಕಣಯ್ಯ’ ಎಂದು ಭಾವ ಬೆರಳು ತೋರಿಸಿದರು. 2024ರ ಡಿಸೆಂಬರ್‌ನಲ್ಲಿ ರಿಕಿ ತಮ್ಮ 65ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಅವರದೇ ಹೆಸರಿನ ಮೈದಾನದಲ್ಲಿ ಒಮ್ಮೆ ಕಣ್ಣಾರೆ ಕಂಡೆನೆಂಬ ಸಮಾಧಾನ ನನಗಿದೆ.

ಏಸ್ 3, ರೇಂಜರ್ಸ್ 2. ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್‌ಗೆ ಚೆಂಡು ಎಸೆಯಲು ಬಂದವರು ಗಂಟೆಗೆ ನೂರು ಮೈಲಿಗೂ ಮೀರಿ ಎಸೆಯುವ ಮೇಸನ್ ಮಿಲ್ಲರ್. ಕೊನೆಯ ಬ್ಯಾಟರ್ ಹೊಡೆದ ಚೆಂಡು ನೆಲದ ಮೇಲೆ ಮೂರನೇ ಬೇಸಿನ ಕಡೆಗೆ ಉರುಳಿತು. ಮ್ಯಾಕ್ಸ್ ಶೂಮನ್ ಎತ್ತಿ ಮೊದಲ ಬೇಸಿಗೆ ಎಸೆದರು. ಮುಗಿಯಿತು. ಯಾರೂ ಕದಲಲಿಲ್ಲ. ತಂಡದ ಮ್ಯಾನೇಜರ್, ಒಂದು ಕಾಲದಲ್ಲಿ ಇಲ್ಲೇ ಆಡಿದ್ದ ಮಾರ್ಕ್ ಕೋಟ್ಸೆ, ಮೈಕ್ ಹಿಡಿದು ಬಂದು ಜನರಿಗೆ ಕೃತಜ್ಞತೆ ಹೇಳಿದರು. ಕೊನೆಯದಾಗಿ ಒಮ್ಮೆ ಕೂಗೋಣ ಎಂದರು. ‘ಲೆಟ್ಸ್ ಗೋ ಓಕ್ಲೆಂಡ್’ ಎಂದು ಇಡೀ ಬಟ್ಟಲು ಮೊಳಗಿತು. ಭಾವನ ದನಿ ಮೊದಲ ಕೂಗಿಗೇ ಒಡೆಯಿತು; ಚಪ್ಪಾಳೆ ಮಾತ್ರ ತಾಳ ತಪ್ಪಲಿಲ್ಲ. ಆಮೇಲೆ ಮೈದಾನದ ಸಿಬ್ಬಂದಿ ಅಂಚಿಗೆ ಬಂದು ಬೇಸ್‌ಗಳ ಸುತ್ತಲಿನ ಕೆಂಪು ಮಣ್ಣನ್ನು ಕೇಳಿದವರಿಗೆಲ್ಲ ಕೊಟ್ಟರು. ವರ್ಷಗಟ್ಟಲೆ ತಾವೇ ನೀರು ಹಾಕಿ, ಸೋಸಿ, ಸಮ ಮಾಡಿದ ಮಣ್ಣು ಅದು. ಭಾವ ಕಾಫಿ ಲೋಟ ಒಡ್ಡಿ ಎರಡು ಹಿಡಿ ಹಾಕಿಸಿಕೊಂಡರು.

ಇಲ್ಲಿಗೇ ನಿಲ್ಲಬಹುದಿತ್ತು. ಸಿಯಾಟಲ್‌ನಲ್ಲಿ ಇನ್ನೂ ಮೂರು ಪಂದ್ಯಗಳಿದ್ದವು, ಹೋಗಲೇಬೇಕು ಎಂದು ಭಾವ ಮೊದಲೇ ಟಿಕೆಟ್ ತೆಗೆದಿದ್ದರು. ಕಾರಣ ಕೇಳಿದಾಗ ಹೇಳಿದ್ದು ಇಷ್ಟು: ‘ನಮ್ಮವರು ತವರಲ್ಲಿ ಆಡುವಾಗ ಎದೆಯ ಮೇಲೆ ತಂಡದ ಹೆಸರು. ಪರಊರಿಗೆ ಹೋದಾಗ ಬೂದು ಅಂಗಿ, ಅದರ ಮೇಲೆ ಊರಿನ ಹೆಸರು. ಓಕ್ಲೆಂಡ್ ಅಂತ ಬರೆದ ಅಂಗಿ ಕೊನೆಯ ಸಲ ಮೈದಾನಕ್ಕೆ ಇಳಿಯುವುದು ಸಿಯಾಟಲ್‌ನಲ್ಲಿ. ಅದನ್ನು ನೋಡದೆ ಹೇಗಿರಲಿ?’

ವಿಮಾನದಲ್ಲಿ ಎರಡು ಗಂಟೆಯ ದಾರಿ, ನಾವು ಹೋದದ್ದು ರೈಲಿನಲ್ಲಿ. ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೆ ಓಡುವ ಕೋಸ್ಟ್ ಸ್ಟಾರ್‌ಲೈಟ್ ರಾತ್ರಿ ಓಕ್ಲೆಂಡ್‌ನ ಜ್ಯಾಕ್ ಲಂಡನ್ ಚೌಕದ ನಿಲ್ದಾಣಕ್ಕೆ ಬರುತ್ತದೆ. ಬೋಗಿಯಲ್ಲಿ ಹಸಿರು ಟೋಪಿಯವರು ನಾವಷ್ಟೇ ಇರಲಿಲ್ಲ. ನಡುರಾತ್ರಿಯ ಹೊತ್ತಿಗೆ ರೈಲು ನದಿ ದಾಟಿ ಸ್ಯಾಕ್ರಮೆಂಟೊ ಸೇರಿತು. ತಂಡದ ಹೊಸ ಬಿಡಾರವಾಗಲಿದ್ದ ಮೈದಾನ ಅದೇ ನದಿಯ ಆಚೆ ದಡದಲ್ಲಿದೆ, ಸುಮಾರು ಹದಿನಾಲ್ಕು ಸಾವಿರ ಜನ ಹಿಡಿಸುವಂಥದು. ಭಾವ ಕಿಟಕಿಯ ಪರದೆ ಎಳೆದುಕೊಂಡು ಮಲಗಿದರು.

ಬೆಳಗಾದಾಗ ಪೈನ್ ಕಾಡು. ಕ್ಲಾಮತ್ ಫಾಲ್ಸ್ ದಾಟಿದ ಮೇಲೆ ಎಡಗಡೆಗೆ ಬಹಳ ದೂರದವರೆಗೆ ಕ್ಲಾಮತ್ ಸರೋವರ ಜೊತೆಗೇ ಬಂದಿತು. ಅಲ್ಲಿ ಕುಳಿತು ಭಾವ 1989ರ ಕಥೆ ತೆಗೆದರು. ಅವರು ಅಮೆರಿಕಕ್ಕೆ ಬಂದ ಹೊಸತು. ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಕೊಲ್ಲಿಯ ಈಚೆಯ ಓಕ್ಲೆಂಡ್, ಆಚೆಯ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎದುರುಬದುರು. ಅಕ್ಟೋಬರ್ 17ರ ಸಂಜೆ 5.04ಕ್ಕೆ, ಮೂರನೇ ಪಂದ್ಯ ಶುರುವಾಗುವ ಮುನ್ನ, ಭೂಮಿ ನಡುಗಿತು. ಓಕ್ಲೆಂಡ್‌ನಲ್ಲಿ ಎರಡಂತಸ್ತಿನ ಹೆದ್ದಾರಿಯ ಮೇಲಿನ ಅಂತಸ್ತು ಕುಸಿದು ಹಲವಾರು ಜನ ಸತ್ತರು. ಹತ್ತು ದಿನಗಳ ಮೇಲೆ ಸರಣಿ ಮುಂದುವರಿದು ಏಸ್ ನಾಲ್ಕಕ್ಕೆ ನಾಲ್ಕೂ ಗೆದ್ದಿತು, ಆದರೆ ಊರು ಮೆರವಣಿಗೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ‘ಆ ದಿನಗಳಲ್ಲಿ ಗುರುತಿಲ್ಲದವರೆಲ್ಲ ನನ್ನನ್ನು ಮಾತಾಡಿಸಿದರು. ನಿನ್ನ ಮನೆ ಹೇಗಿದೆ, ನಿನ್ನೆಯ ಆಟ ನೋಡಿದೆಯಾ, ಈ ಎರಡೇ ಪ್ರಶ್ನೆ. ನಾನು ಈ ಊರಿನವನಾದದ್ದು ಆಗ’ ಎಂದರು. ತಂಡವನ್ನು ಫ್ರೀಮಾಂಟ್‌ಗೇ ಕರೆತರುವ ಯೋಜನೆಯೊಂದು 2006ರಲ್ಲಿ ಹೊರಟು 2009ರಲ್ಲಿ ಕೈಬಿಟ್ಟಿತು. ಭಾವನ ಮನೆಯ ಸನಿಹಕ್ಕೇ ಬರಬೇಕಾಗಿದ್ದ ಮೈದಾನ. ಅದರ ಬಗ್ಗೆ ಮಾತ್ರ ಅವರು ಹೆಚ್ಚು ಮಾತಾಡಲಿಲ್ಲ.

ಸಿಯಾಟಲ್‌ನ ಕಿಂಗ್ ಸ್ಟ್ರೀಟ್ ನಿಲ್ದಾಣಕ್ಕೂ ಮ್ಯಾರಿನರ್ಸ್ ತಂಡದ ಮೈದಾನಕ್ಕೂ ನಡೆದುಹೋಗುವಷ್ಟೇ ದೂರ. 1999ರಲ್ಲಿ ತೆರೆದ, ಸರಿಯುವ ಚಾವಣಿಯ ಅಚ್ಚುಕಟ್ಟಾದ ಮೈದಾನ. ಪಕ್ಕದ ಹಳಿಯ ಗೂಡ್ಸ್ ರೈಲಿನ ಸೀಟಿ ಆಟದ ನಡುವೆ ಕೇಳುತ್ತಲೇ ಇರುತ್ತದೆ. ಮ್ಯಾರಿನರ್ಸ್‌ನವರ ಪ್ಲೇ ಆಫ್ ಆಸೆಯೂ ಆ ವಾರವೇ ಮುಗಿದಿತ್ತು. ಹಸಿರು ಟೋಪಿ ಕಂಡವರು ತಾವಾಗಿ ಬಂದು ಭಾವನ ಕೈ ಕುಲುಕಿದ್ದು ನನಗೆ ಮೊದಲು ಆಶ್ಚರ್ಯವೆನಿಸಿತು. ಆಮೇಲೆ ತಿಳಿಯಿತು, ಈ ಊರಿಗೂ ಇದೇ ಗಾಯವಿದೆ. 1969ರಲ್ಲಿ ಹುಟ್ಟಿದ ಸಿಯಾಟಲ್ ಪೈಲಟ್ಸ್ ಒಂದೇ ವರ್ಷಕ್ಕೆ ಮಿಲ್ವಾಕಿಗೆ ಹೋಯಿತು. 2008ರಲ್ಲಿ ಬಾಸ್ಕೆಟ್‌ಬಾಲ್‌ನ ಸೂಪರ್‌ಸಾನಿಕ್ಸ್ ಒಕ್ಲಹೋಮ ಸಿಟಿ ಪಾಲಾಯಿತು. ‘ನಲವತ್ತೊಂದು ವರ್ಷ ನಮ್ಮ ಜೊತೆ ಇತ್ತು’ ಎಂದು ನಮ್ಮ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಲೆಕ್ಕ ಹೇಳಿದರು.

ಎರಡೂ ಊರುಗಳ ನಡುವೆ ಇನ್ನೊಂದು ತಕರಾರೂ ಇದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಜನ ಸಾಲುಸಾಲಾಗಿ ಎದ್ದು ಕೂರುವ ಅಲೆ ಮೊದಲು ಎದ್ದದ್ದು 1981ರ ಅಕ್ಟೋಬರ್ 15ರಂದು ನಮ್ಮ ಕೊಲಿಸಿಯಂನಲ್ಲಿ, ಕ್ರೇಜಿ ಜಾರ್ಜ್ ಎಂಬ ಚಿಯರ್‌ಲೀಡರ್ ಎಬ್ಬಿಸಿದ್ದು ಎಂದು ಓಕ್ಲೆಂಡ್‌ನವರು ಹೇಳುತ್ತಾರೆ. ಅದೇ ತಿಂಗಳ ಕೊನೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಮೈದಾನದಲ್ಲಿ ಹುಟ್ಟಿತು ಎಂಬುದು ಸಿಯಾಟಲ್‌ನವರ ವಾದ. ತಾರೀಖು ನೋಡಿದರೆ ಓಕ್ಲೆಂಡ್‌ದೇ ಮೇಲುಗೈ, ನನ್ನ ಮತವೂ ಅತ್ತಲೇ.

ಭಾನುವಾರ, ಸೆಪ್ಟೆಂಬರ್ 29. ಏಸ್ ಆ ಊರಿನ ಮೂರೂ ಪಂದ್ಯ ಸೋತಿತು, ಕೊನೆಯದು 6-4. ವರ್ಷದ ಲೆಕ್ಕ 69 ಗೆಲುವು, 93 ಸೋಲು. ಬ್ರೆಂಟ್ ರೂಕರ್ ಆ ವರ್ಷ 39 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದರು, ಲಾರೆನ್ಸ್ ಬಟ್ಲರ್ ಎಂಬ ಹುಡುಗ 22. ಕೊನೆಯ ಔಟ್ ಬಿದ್ದ ಮೇಲೆ ಭಾವ ಎದ್ದು ನಿಂತು, ಎದೆಯ ಮೇಲೆ ಊರಿನ ಹೆಸರು ಹೊತ್ತ ಒಬ್ಬೊಬ್ಬ ಆಟಗಾರನೂ ಒಳಗೆ ಹೋಗುವವರೆಗೆ ಚಪ್ಪಾಳೆ ತಟ್ಟಿದರು. ರೆಡ್ಮಂಡ್‌ನಲ್ಲಿ ನಾವು ತಂಗಿದ್ದ ಗೆಳೆಯರ ಮನೆಯಲ್ಲಿ ಆ ರಾತ್ರಿ ಬಿಸಿಬೇಳೆಬಾತ್ ಕಾದಿತ್ತು. ಊಟದ ನಡುವೆಯೂ ಚರ್ಚೆ ಒಂದೇ: ಇನ್ನು ಸ್ಯಾಕ್ರಮೆಂಟೊಗೆ ಹೋಗುವುದೋ ಬೇಡವೋ?

ಭಾವ ಹೋಗಲಿಲ್ಲ. 2025ರಲ್ಲಿ ಆ ತಂಡ ಯಾವ ಊರಿನ ಹೆಸರನ್ನೂ ಇಟ್ಟುಕೊಳ್ಳದೆ ಬರಿಯ ‘ಅಥ್ಲೆಟಿಕ್ಸ್’ ಎಂದು ಆಡಿತು. ಭಾವ ಪಶ್ಚಿಮ ಓಕ್ಲೆಂಡ್‌ನ ರೈಮಾಂಡಿ ಪಾರ್ಕ್‌ಗೆ ಹೋಗತೊಡಗಿದರು. ಊರಿನವರೇ ಸೇರಿ ಕಟ್ಟಿದ ಓಕ್ಲೆಂಡ್ ಬಾಲರ್ಸ್ ಎಂಬ ಸಣ್ಣ ತಂಡ 2024ರಿಂದ ಅಲ್ಲಿ ಪಯೊನೀರ್ ಲೀಗ್ ಆಡುತ್ತಿದೆ. ಕೊಲಿಸಿಯಂನ ಡ್ರಮ್‌ಗಳೂ ಅಲ್ಲಿಗೆ ಬಂದಿವೆಯಂತೆ. 2025ರ ಸೆಪ್ಟೆಂಬರ್‌ನಲ್ಲಿ ಬಾಲರ್ಸ್ ಚಾಂಪಿಯನ್ ಆಯಿತು. ಮೈಸೂರಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಭಾವನ ಫೋನ್: ‘ಮುಂದಿನ ಸಲವೂ ಸೆಪ್ಟೆಂಬರ್‌ನಲ್ಲೇ ಬಾ. ಡ್ರಮ್ ಬಾರಿಸುವವರ ಪಕ್ಕದಲ್ಲೇ ನಿನಗೊಂದು ಜಾಗ ಹಿಡಿದಿರುತ್ತೇನೆ.’ ಬರುತ್ತೇನೆ ಭಾವ, ಎಂದೆ.