ಟ್ರ್ಯಾಕ್ ಡೇಗೆ ಯಾವ ಬ್ರೇಕ್ ಹಾಕಿಸಬೇಕು?

ಮೈಸೂರಿನಿಂದ ಕೊಯಮತ್ತೂರು ಸುಮಾರು 200 ಕಿಲೋಮೀಟರ್. ಅಲ್ಲಿನ ಚೆಟ್ಟಿಪಾಳಯದಲ್ಲಿರುವ 2.1 ಕಿಲೋಮೀಟರಿನ ರೇಸ್ ಟ್ರ್ಯಾಕಾದ ಕರಿ ಮೋಟಾರ್ ಸ್ಪೀಡ್‌ವೇಗೆ, ವಾರವಿಡೀ ಕಚೇರಿಗೆ ಹೋಗಿಬರುವ, ಮಕ್ಕಳನ್ನು ಶಾಲೆಗೆ ಬಿಡುವ ಕಾರನ್ನೇ ಒಯ್ದು ಓಡಿಸುವ ಹುಡುಗರು ನಮ್ಮ ಊರಿನಲ್ಲಿ ಈಗ ಸಾಕಷ್ಟಿದ್ದಾರೆ. ಹೀಗೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನವೇ ಟ್ರ್ಯಾಕ್ ಡೇ. ಅದಕ್ಕೆ ಮೊದಲ ಸಲ ಹೊರಡುವವರು ಬಹುಮಟ್ಟಿಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಅಣ್ಣಾ, ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ ಇರುವ ಕಿಟ್ ಹಾಕಿಸಿಬಿಡಲಾ?”

ಬೇಡ ಎಂಬುದೇ ನನ್ನ ಉತ್ತರ. (ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಲೋಹದ ತಟ್ಟೆ; ಪಿಸ್ಟನ್ನುಗಳಿಂದ ಪ್ಯಾಡುಗಳನ್ನು ಅದಕ್ಕೆ ಒತ್ತಿ ಹಿಡಿಯುವುದು ಕ್ಯಾಲಿಪರ್.) ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ, ಆಮೇಲೆ ಪ್ಯಾಡ್ ನೋಡಿ; ಕಿಟ್‌ನ ಮಾತು ಬರುವುದು ಬಹಳ ತಡವಾಗಿ, ಎಷ್ಟೋ ಕಾರುಗಳಿಗೆ ಬರುವುದೇ ಇಲ್ಲ.

ಏಕೆಂದರೆ ನಿಮ್ಮ ಕಾರಿನ ಬ್ರೇಕಿಗೆ ಬಲ ಕಡಿಮೆಯೇನಿಲ್ಲ. ಖಾಲಿ ರಸ್ತೆಯಲ್ಲಿ ಪೆಡಲನ್ನು ಒಮ್ಮೆಲೇ ಪೂರ್ತಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಚ್ಚೆತ್ತು ಪಾದದ ಕೆಳಗೆ ಕಟಕಟನೆ ನಡುಗಿದರೆ, ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ಆ ಬ್ರೇಕಿಗೆ ಈಗಾಗಲೇ ಇದೆ ಎಂದು ತಿಳಿಯಬೇಕು. ಅಲ್ಲಿಂದ ಮುಂದೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರಿನ ಹಿಡಿತಕ್ಕೆ ಸೇರಿದ್ದು. ಟ್ರ್ಯಾಕಿನಲ್ಲಿ ಬ್ರೇಕನ್ನು ಸೋಲಿಸುವುದು ಶಾಖ. ಚಾಲಕನೂ ಸೇರಿ 1,100 ಕಿಲೋ ತೂಗುವ ಹ್ಯಾಚ್‌ಬ್ಯಾಕ್ ಒಂದು ಗಂಟೆಗೆ 140 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 6.8 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ಗಾಳಿಯ ತಡೆಗೆ ಸ್ವಲ್ಪ ಹೋಗುವುದನ್ನು ಬಿಟ್ಟರೆ ಅದೆಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ, ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಇಂಥ ಬ್ರೇಕ್ ಒಮ್ಮೆ ಹಾಕಿದರೆ, ಇನ್ನೊಮ್ಮೆ ಹಾಕುವ ಹೊತ್ತಿಗೆ ಡಿಸ್ಕ್ ಗಾಳಿಗೆ ತಣ್ಣಗಾಗಿರುತ್ತದೆ. ಟ್ರ್ಯಾಕಿನಲ್ಲಿ ಮುಂದಿನ ತಿರುವು ಅಷ್ಟು ಬಿಡುವು ಕೊಡುವುದಿಲ್ಲ.

ಇದನ್ನು ನಾನು ಕಲಿತದ್ದು ಮೊದಲ ಸಲ ಕರಿಗೆ ಹೋದ ದಿನವೇ. ನಾಲ್ಕನೆಯ ಸುತ್ತಿನಲ್ಲಿ, ನೇರ ಹಾದಿ ಮುಗಿಯುವ ಕಡೆ ಪೆಡಲ್ ಒತ್ತಿದರೆ ಅದು ಅರ್ಧದವರೆಗೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಇಳಿದುಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು, ಆದರೆ ಅಷ್ಟರಲ್ಲಿ ಕಾರು ಟ್ರ್ಯಾಕ್ ಬಿಟ್ಟು ಮಣ್ಣಿಗೆ ಇಳಿದಿತ್ತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಪೆಡಲ್ ಮತ್ತೆ ಮೊದಲಿನಂತೆ ಗಟ್ಟಿಯಾಯಿತು, ಏನೂ ಆಗಿಯೇ ಇಲ್ಲವೇನೋ ಎಂಬಂತೆ. ಮನೆಗೆ ಬಂದು ಮುಂದಿನ ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಸಡಿಲಿಸಿದಾಗ ಹೊರಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಮಾತ್ರ ಹೊಸದು ತಿಳಿಯಾಗಿತ್ತು. ಹಿಂದಿನ ತಿಂಗಳು ಸರ್ವೀಸ್ ಮಾಡಿದ ಗ್ಯಾರೇಜಿನವರು ಬಿಲ್ಲಿನಲ್ಲಿ ಆಯಿಲ್ ಬದಲಾಯಿಸಿದ್ದೇವೆ ಎಂದು ಬರೆದಿದ್ದರು, ಮಾಡಿದ್ದು ಡಬ್ಬಿಯಲ್ಲಿದ್ದುದನ್ನು ತೆಗೆದು ಹೊಸದನ್ನು ತುಂಬಿದ್ದಷ್ಟೇ. ಅಂದಿನಿಂದ ಈ ಒಂದು ಕೆಲಸವನ್ನು ನಾನು ಎದುರಿಗೆ ನಿಂತೇ ಮಾಡಿಸುತ್ತೇನೆ. ನಾಲ್ಕೂ ಚಕ್ರಗಳಲ್ಲಿ ತಿಳಿ ಆಯಿಲ್ ಬರುವವರೆಗೆ ನಿಪ್ಪಲ್ ಬಿಗಿಯಲು ಬಿಡುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಯುವ ಬಿಂದು ಕೆಳಗಿಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲಿಗೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಒತ್ತುವುದರಲ್ಲೇ ಮುಗಿದು ಕ್ಯಾಲಿಪರಿಗೆ ತಲುಪುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುವುದರಿಂದಲೇ ನನ್ನ ಪೆಡಲ್ ಅಂದು ತಾನಾಗಿ ಸರಿಹೋದದ್ದು. ಮೊದಲ ಟ್ರ್ಯಾಕ್ ಡೇಗೆ ಸೀಲ್ ಒಡೆಯದ ಬಾಟಲಿಯ ಒಳ್ಳೆಯ ಡಾಟ್ 4 ಅಥವಾ 5.1 ಸಾಕು. ವೇಗ ಹೆಚ್ಚಿದಂತೆ 300 ಡಿಗ್ರಿಗೂ ಮೇಲೆ ಕುದಿಯುವ ರೇಸಿಂಗ್ ಆಯಿಲಿಗೆ ಹೋಗಬಹುದು, ಆದರೆ ಅದನ್ನು ಬೇಗ ಬೇಗ ಬದಲಾಯಿಸುತ್ತಿರಬೇಕಾಗುತ್ತದೆ. ಹೆಸರಿನಲ್ಲಿ ಹತ್ತಿರವಿದ್ದರೂ ಡಾಟ್ 5 ಎಂಬುದು ಸಿಲಿಕೋನಿನದು. ಅದನ್ನು ಇವುಗಳೊಡನೆ ಎಂದಿಗೂ ಬೆರೆಸಬೇಡಿ.

ಪ್ಯಾಡ್ ಸೋತಾಗ ಲಕ್ಷಣ ಇದಕ್ಕೆ ತಿರುಗುಮುರುಗು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕಂಪನಿಯಿಂದ ಬರುವ ಪ್ಯಾಡುಗಳನ್ನು ಬೆಳಗಿನ ತಣ್ಣನೆ ಹೊತ್ತಿನಲ್ಲೂ ಸದ್ದಿಲ್ಲದೆ ಹಿಡಿಯುವಂತೆ ತಯಾರಿಸಿರುತ್ತಾರೆ, ಡಿಸ್ಕ್ 400 ಡಿಗ್ರಿ ದಾಟಿ ಕಾಯುವ ಕೆಲಸಕ್ಕಲ್ಲ. ಹಾಗೆಂದು ಅಪ್ಪಟ ರೇಸ್ ಪ್ಯಾಡ್ ಹಾಕಿಕೊಂಡು ಹೊರಡಬೇಡಿ: ನಾವು ಕೊಯಮತ್ತೂರಿಗೆ ಹೋಗುವುದು ಚಾಮರಾಜನಗರದ ಮೇಲೆ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು. ತಣ್ಣಗಿರುವಾಗ ಸರಿಯಾಗಿ ಹಿಡಿಯದ ಪ್ಯಾಡ್ ಇಟ್ಟುಕೊಂಡು ಬೆಳಗಿನ ಮಂಜಿನಲ್ಲಿ ಆ ಮೊದಲ ತಿರುವಿಗೆ ಬರುವುದು ಯಾರಿಗೂ ಬೇಡ. ರಸ್ತೆಗೂ ಟ್ರ್ಯಾಕಿಗೂ ಆಗುವ ನಡುವಣ ದರ್ಜೆಯ ಪ್ಯಾಡುಗಳಿವೆ. ಸ್ವಲ್ಪ ಕೀರಲು ಸದ್ದು, ಚಕ್ರದ ಮೇಲೆ ಕಪ್ಪು ಧೂಳು, ಇವೆರಡನ್ನೂ ಸಹಿಸಿಕೊಂಡರೆ ದಿನನಿತ್ಯದ ಕಾರಿಗೆ ಅವೇ ಸರಿ.

ಹೊಸ ಪ್ಯಾಡ್ ಹಾಕಿದ ಮೇಲೆ ಅದನ್ನು ಡಿಸ್ಕಿಗೆ ಪಳಗಿಸಬೇಕು. ನಾನು ಬೆಳಗಿನ ಜಾವ ರಿಂಗ್ ರಸ್ತೆ ಖಾಲಿಯಿರುವಾಗ, ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, 80ರಿಂದ 20ರವರೆಗೆ ಎಂಟು ಹತ್ತು ಸಲ ಬಲವಾಗಿ ಬ್ರೇಕ್ ಹಾಕುತ್ತೇನೆ. ಕಾರನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಬಿಸಿ ಪ್ಯಾಡಿನ ಗುರುತು ಡಿಸ್ಕಿನ ಒಂದೇ ಜಾಗದಲ್ಲಿ ಕೂತು ಮುಂದೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದಂತೆ ನಿಧಾನವಾಗಿ ಓಡಿಸಿ ಆರಿಸುತ್ತೇನೆ. ಡಿಸ್ಕಿನ ಮೇಲೆ ಬೂದು ನೀಲಿಯ ತೆಳು ಪದರ ಒಂದೇ ಸಮನಾಗಿ ಕಂಡರೆ ಕೆಲಸ ಆಯಿತು. ಪ್ಯಾಡ್ ತೆಗೆದಾಗಲೇ ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ಎಳೆದು ನೋಡಿ, ಒರೆಸಿ ಗ್ರೀಸ್ ಹಚ್ಚಿಸಿ. ಪಿನ್ ಹಿಡಿದುಕೊಂಡಿದ್ದರೆ ಎಂಥ ಪ್ಯಾಡ್ ಆದರೂ ಒಂದು ಕಡೆ ಓರೆಯಾಗಿ ಸವೆಯುತ್ತದೆ.

ಬ್ರೇಕ್ ಆಯಿಲ್ ಒಯ್ಯುವ ಕೊಳವೆಗೆ ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ಬಿಗಿಯಾಗುತ್ತದೆ, ಕಾರು ನಿಲ್ಲುವ ದೂರ ಅದರಿಂದ ಕಡಿಮೆಯಾಗುವುದಿಲ್ಲ. ಹಳೆಯ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಮಾತ್ರ ತಡಮಾಡದೆ ಬದಲಾಯಿಸಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಟ್ರ್ಯಾಕಿನ ಶಾಖಕ್ಕೆ ಆ ತೂತುಗಳ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಕಂಪನಿ ಅಳತೆಯ, ಒಳಗೆ ಗಾಳಿ ಆಡುವ, ತೂತಿಲ್ಲದ ಡಿಸ್ಕ್ ಸಾಕು. ಹಿಂದಿನ ಡ್ರಮ್ ಬ್ರೇಕನ್ನು ಡಿಸ್ಕಿಗೆ ಬದಲಾಯಿಸುವ ಖರ್ಚೂ ಬೇಡ, ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದಿನದಕ್ಕೆ ಉಳಿಯುವ ಕೆಲಸ ಸ್ವಲ್ಪವೇ.

ಕಿಟ್ ಯಾವಾಗ? ಆಯಿಲ್ ಹೊಸದು, ಪ್ಯಾಡ್ ಸರಿಯಾದದ್ದು, ಹಿಡಿತದ ಟೈರ್ ಇದೆ, ಓಡಿಸುವವನಿಗೆ ತಡವಾಗಿ, ಬಲವಾಗಿ, ಸ್ವಲ್ಪ ಹೊತ್ತು ಮಾತ್ರ ಬ್ರೇಕ್ ಹಾಕುವ ಅಭ್ಯಾಸವೂ ಆಗಿದೆ. ಆದರೂ ಒಂದೇ ದಿನಕ್ಕೆ ಪ್ಯಾಡ್ ಮುಗಿಯುತ್ತಿದೆ, ಡಿಸ್ಕ್ ಬಿರುಕು ಬಿಡುತ್ತಿದೆ ಎಂದಾದರೆ ಆಗ ಹೆಚ್ಚು ಲೋಹ ಇರುವ ದೊಡ್ಡ ಡಿಸ್ಕ್ ಬೇಕು ಎಂದು ಒಪ್ಪುತ್ತೇನೆ. ಆಗಲೂ ನಿಮ್ಮದೇ ಮಾದರಿಯ ಕಾರಿಗಾಗಿ ತಯಾರಾದ ಕಿಟ್ ಆಗಿರಬೇಕು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಹೊಂದದಷ್ಟು ಪಿಸ್ಟನ್ನುಗಳು ದೊಡ್ಡದಾದರೆ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ, ಮುಂದಿನ ಬ್ರೇಕ್ ಮಾತ್ರ ಅತಿಯಾದರೆ ಹಿಂದಿನ ಟೈರಿನ ಹಿಡಿತ ವ್ಯರ್ಥವಾಗಿ ನಿಲ್ಲುವ ದೂರ ಹೆಚ್ಚಲೂಬಹುದು.

ಟ್ರ್ಯಾಕಿನಲ್ಲಿ ನಾನು ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ, ಪಿಟ್ಟಿಗೆ ಬಂದು ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಸಂಜೆ ಹೊರಡುವ ಮೊದಲು ಮುಂದಿನ ಚಕ್ರಗಳನ್ನು ಬಿಚ್ಚಿ ಪ್ಯಾಡ್ ಎಷ್ಟು ಉಳಿದಿದೆ ಎಂದು ನೋಡುವುದುಂಟು. ನಾಲ್ಕು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಡಿಕ್ಕಿಯಲ್ಲಿ ತಂದಿಟ್ಟ ಹಳೆಯ ಕಂಪನಿ ಪ್ಯಾಡ್ ಹಾಕಿಕೊಂಡು, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಬ್ರೇಕ್ ಒತ್ತಿ ನೋಡುತ್ತಾ ಮೈಸೂರಿನ ದಾರಿ ಹಿಡಿಯುತ್ತೇನೆ.