ಮಾತಿಗಿಂತ ಮುಂಚೆ ಕಿವಿ ಬಂತಾ?

ಅಕ್ಕನ ಮಗಳಿಗೆ ಈಗ ಹನ್ನೊಂದು ತಿಂಗಳು. ಬಾಯಲ್ಲಿ ಇನ್ನೂ ಒಂದು ಪದ ಇಲ್ಲ, ಬರೀ ಬ್ಬ ಬ್ಬ ಬ್ಬ, ಆದ್ರೆ ಫ್ಯಾನ್ ಎಲ್ಲಿ ಪುಟ್ಟಿ ಅಂದ್ರೆ ಸಾಕು ಕತ್ತೆತ್ತಿ ಮೇಲೆ ನೋಡ್ತಾಳೆ. ಅವಳನ್ನ ನೋಡ್ದಾಗೆಲ್ಲಾ ನಂಗೆ ಕೀನ್ಯಾದ ವರ್ವೆಟ್ ಮಂಗಗಳು ನೆನಪಾಗ್ತವೆ.

ಅಲ್ಲಿನ ಅಂಬೋಸೆಲಿ ನ್ಯಾಷನಲ್ ಪಾರ್ಕಲ್ಲಿ ಸೈಫಾರ್ತ್, ಚೀನಿ, ಮಾರ್ಲರ್ ಅನ್ನೋ ಮೂರು ಜನ ವಿಜ್ಞಾನಿಗಳು ಸೇರಿ ಮಾಡಿ 1980ರಲ್ಲಿ ಪ್ರಕಟಿಸಿದ ಕೆಲ್ಸ ತುಂಬಾ ಫೇಮಸ್. ಈ ಮಂಗಗಳು ಚಿರತೆ ಕಂಡ್ರೆ ಒಂಥರ ಕೂಗ್ತವೆ, ಹದ್ದಿಗೆ ಇನ್ನೊಂಥರ, ಹಾವಿಗೆ ಮತ್ತೊಂಥರ. ಆ ಕೂಗುಗಳನ್ನ ರೆಕಾರ್ಡ್ ಮಾಡಿ ಬಚ್ಚಿಟ್ಟ ಸ್ಪೀಕರಲ್ಲಿ ಹಾಕಿದ್ರು, ಅಲ್ಲಿ ಯಾವ ಪ್ರಾಣಿನೂ ಇಲ್ಲ, ಆದ್ರೂ ಚಿರತೆ ಕೂಗಿಗೆ ಮರಕ್ಕೆ ಓಡಿದ್ವು, ಹದ್ದಿನ ಕೂಗಿಗೆ ಆಕಾಶ ನೋಡಿದ್ವು, ಹಾವಿನ ಕೂಗಿಗೆ ನೆಲ ನೋಡಿದ್ವು. ಇದನ್ನ ಹೇಳೋರೆಲ್ಲಾ ನೋಡಿ ಮಂಗಕ್ಕೂ ಪದಗಳಿವೆ ಅಂತ ನಿಲ್ಲಿಸಿಬಿಡ್ತಾರೆ. ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು ಕೇಳಿಸಿಕೊಂಡ ಮಂಗದ ತಲೇಲಿ ಏನಾಯ್ತು ಅನ್ನೋದು.

ಯಾಕಂದ್ರೆ ಚೀನಿ, ಸೈಫಾರ್ತ್ ಇನ್ನೊಂದು ಪ್ರಯೋಗ ಮಾಡಿದ್ರು. ಒಂದು ಮರಿ ಕಿರುಚಿದ ರೆಕಾರ್ಡಿಂಗ್ ಹಾಕಿದಾಗ ಅಲ್ಲಿದ್ದ ಬೇರೆ ಹೆಣ್ಣು ಮಂಗಗಳು ಆ ಮರಿಯ ತಾಯಿ ಕಡೆ ತಿರುಗಿ ನೋಡಿದ್ವು! ಒಂದೇ ಒಂದು ಕಿರುಚಾಟದಿಂದ ಇದು ಯಾರ ಮರಿ, ಇದರ ಅಮ್ಮ ಯಾರು ಅಂತ ಲೆಕ್ಕ ಹಾಕಿಬಿಟ್ವು. ಇದನ್ನ ಮೊದಲ ಸಲ ಓದಿದಾಗ ನಿಜವಾಗ್ಲೂ ಮೈ ಜುಂ ಅಂತು.

ಬಾಯಿ ಮಾತ್ರ ಹಂಗಲ್ಲ, ಅದು ಹುಟ್ಟಿನಿಂದಲೇ ಬೀಗ ಹಾಕಿದ ಹಾಗೆ. ಸೆನೆಗಲ್‌ನಲ್ಲಿ ಹಸಿರು ಮಂಗಗಳ ಮೇಲೆ ಡ್ರೋನ್ ಹಾರಿಸಿದ್ರು, 2019ರಲ್ಲಿ ಬಂದ ಅಧ್ಯಯನ ಇದು. ವರ್ವೆಟ್‌ಗಳ ದಾಯಾದಿಗಳು ಇವು, ಬೇರೆಯಾಗಿ ಲಕ್ಷಾಂತರ ವರ್ಷ ಆಗಿದೆ, ಡ್ರೋನ್ ನೋಡಿದ್ದೇ ಮೊದಲ ಸಲ, ಆದ್ರೂ ಬಾಯಿಂದ ಬಂದಿದ್ದು ಹೆಚ್ಚುಕಮ್ಮಿ ವರ್ವೆಟ್‌ಗಳ ಹದ್ದಿನ ಕೂಗೇ. ಹೊಸ ಕೂಗು ಹುಟ್ಟಲಿಲ್ಲ. ಆದ್ರೆ ಡ್ರೋನ್ ಸದ್ದಿಗೆ ಏನರ್ಥ ಅನ್ನೋದನ್ನ ಅವು ಬಹಳ ಬೇಗ ಕಲಿತ್ವು, ಆಮೇಲೆ ಬರೀ ಸದ್ದು ಕೇಳಿಸಿದ್ರೂ ಆಕಾಶ ನೋಡ್ತಿದ್ವು.

ಅದಕ್ಕೇ ನಂಗನ್ಸೋದು, ಭಾಷೆ ಹೇಳೋರಿಂದ ಶುರುವಾಗಿಲ್ಲ, ಅರ್ಥ ಮಾಡ್ಕೊಳ್ಳೋರಿಂದ ಶುರುವಾಗಿದೆ. ಬಾಯಿ ಬೀಗ ಯಾವಾಗ ಬಿಚ್ಕೊಳ್ತು ಅನ್ನೋದು ಇನ್ನೊಂದು ಕಥೆ, ಆದ್ರೆ ಹೇಳಬೇಕು ಅನ್ನೋ ಆಸೆ ಅದಕ್ಕೂ ಹಳೇದಿರಬೇಕು. ಉಗಾಂಡಾದ ಬುಡೊಂಗೊ ಕಾಡಲ್ಲಿ ದಾರೀಲಿ ನಕಲಿ ಹಾವು ಇಟ್ಟಾಗ ಚಿಂಪಾಂಜಿಗಳು, ಜೊತೆಗಿರೋರಿಗೆ ಹಾವಿರೋದು ಗೊತ್ತಿಲ್ಲದಿದ್ರೆ ಜಾಸ್ತಿ ಕೂಗಿದ್ವಂತೆ.

ನಿನ್ನೆ ಕರೆಂಟ್ ಹೋಗಿ ಫ್ಯಾನ್ ನಿಂತೋಯ್ತು. ಪುಟ್ಟಿ ಅದರ ಕಡೆ ಬೆರಳು ತೋರಿಸಿ ನನ್ನ ಮುಖ ನೋಡಿದ್ಳು, ನಾನು ಮೇಲೆ ನೋಡೋವರೆಗೂ ಬೆರಳು ಇಳಿಸ್ಲಿಲ್ಲ.