ತೊಗರಿ ಹೊಲದ ಕಾಜಾಣ

ಎಳ್ಳ ಅಮಾವಾಸ್ಯೆಗೆ ಆಳಂದ ಕಡೆ ಇರುವ ಕಾಕಾನ ಹೊಲಕ್ಕೆ ಹೋಗಿದ್ದೆವು. ಮನೆಯವರೆಲ್ಲ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆಗೆ ಅಣಿ ಮಾಡುತ್ತಿದ್ದರು. ಭಜ್ಜಿ, ಸಜ್ಜೆ ರೊಟ್ಟಿಯ ಬುಟ್ಟಿ ಇನ್ನೂ ಬಿಚ್ಚಿರಲಿಲ್ಲ. ನಾನು ಕ್ಯಾಮೆರಾ ಹಿಡಿದು ತೊಗರಿ ಸಾಲಿನ ಕಡೆ ಹೊರಟೆ.

ಹಕ್ಕಿ ಕೂರಲಿ ಅಂತ ಕಾಕಾ ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲು ನೆಟ್ಟಿದ್ದರು. ಅದರಲ್ಲೊಂದರ ಮೇಲೆ ಕಾಜಾಣ. ಮೊದಲು ಕಣ್ಣಿಗೆ ಬೀಳುವುದೇ ಬಾಲ. ಉದ್ದಕ್ಕೆ ಇಳಿದು, ತುದಿಯಲ್ಲಿ ಕವಲೊಡೆದು, ಎರಡೂ ಕಡೆ ಹೊರಕ್ಕೆ ಬಾಗಿರುತ್ತದೆ.

ಇಪ್ಪತ್ತು ಫೋಟೊ ತೆಗೆದೆ. ಎಲ್ಲದರಲ್ಲೂ ಬೆಳ್ಳಗಿನ ಆಕಾಶ, ಅದರ ಮುಂದೆ ಬರೀ ಕಪ್ಪು ನೆರಳು. ಕಣ್ಣು ಎಲ್ಲಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೆಳಕು ಜಾಸ್ತಿ ಇದ್ದರೆ ಕ್ಯಾಮೆರಾ ಕಪ್ಪು ಹಕ್ಕಿಯನ್ನು ಇನ್ನಷ್ಟು ಕಪ್ಪು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದೆ, ಅಂದರೆ ಫೋಟೊಗೆ ಸಿಗುವ ಬೆಳಕನ್ನು ಎರಡರಷ್ಟು ಮಾಡಿದೆ. ಬಿಸಿಲು ಬೆನ್ನಿಗೆ ಬರುವ ಹಾಗೆ ಹೊಲ ಸುತ್ತಿದೆ. ಹತ್ತಿರ ಹೋದರೆ ಅದು ಮುಂದಿನ ಕೋಲಿಗೆ ಹಾರುತ್ತಿತ್ತು.

"ಬೆನ್ನ ಹತ್ತಬ್ಯಾಡ ತಮ್ಮಾ. ಸುಮ್ನ ಒಂದ ಕಡಿ ಕೂಡು, ಅದೇ ಬರ್ತದ" ಅಂದರು ಕಾಕಾ.

ಬದುವಿನ ಮೇಲೆ ಕೂತೆ. ಬಂತು! ಕೋಲಿನಿಂದ ಹಾರುವುದು, ಗಾಳಿಯಲ್ಲೇ ತಿರುಗಿ ಹುಳ ಹಿಡಿಯುವುದು, ಮತ್ತೆ ಅದೇ ಕೋಲಿಗೆ ಬರುವುದು. ಇದು ಗೊತ್ತಾದ ಮೇಲೆ ಹಕ್ಕಿಯನ್ನು ಬಿಟ್ಟು ಕೋಲಿನ ತುದಿಗೇ ಫೋಕಸ್ ಇಟ್ಟೆ. ಹಾರಾಟ ಮಸುಕಾಗದಿರಲಿ ಅಂತ ಶಟರ್ ವೇಗ 1/2000 ಸೆಕೆಂಡ್. ನಡುವೆ ಒಂದು ಕಾಗೆ ಆ ಕಡೆ ಹಾದುಹೋಯಿತು. ತನಗಿಂತ ದೊಡ್ಡದಾದ ಆ ಕಾಗೆಯನ್ನು ಕಾಜಾಣ ಹೊಲದಾಚೆವರೆಗೂ ಅಟ್ಟಿಸಿಕೊಂಡು ಹೋಯಿತು. ಎಂಥ ಧೈರ್ಯ, ಅಲ್ವಾ?

ಮುಂದಿನ ಸಲ ಅದು ನೆಲಕ್ಕಿಳಿದು ಒಂದು ಹಸಿರು ಹುಳ ಎತ್ತಿಕೊಂಡು ಬಂತು. ಕಾಲಲ್ಲಿ ಅದುಮಿ ಹಿಡಿದು ಕೊಕ್ಕಿನಿಂದ ಹರಿಯತೊಡಗಿತು. ಬಿಸಿಲು ನೇರ ಅದರ ಮೈಮೇಲಿತ್ತು. ಕಪ್ಪು ಅಂದುಕೊಂಡಿದ್ದ ಗರಿ ನೀಲಿಯಾಗಿ ಮಿಂಚಿತು. ಬಾಯಿಯ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ, ಕೆಂಪು ಛಾಯೆಯ ಕಣ್ಣು. ಇಷ್ಟು ವರ್ಷ ತಂತಿ ಮೇಲೆ, ಎಮ್ಮೆ ಬೆನ್ನ ಮೇಲೆ ನೋಡಿದ ಹಕ್ಕಿ. ಆ ಚುಕ್ಕೆ ನನಗೆ ಕಂಡಿದ್ದು ಅವತ್ತೇ.

ಊಟಕ್ಕೆ ಕೂತಾಗ ಕಾಕಾಗೆ ಫೋಟೊ ತೋರಿಸಿದೆ. ಅವರು ಹಕ್ಕಿಯನ್ನು ಬಿಟ್ಟು ಕೊಕ್ಕಿನ ಕಡೆ ಬೆರಳಿಟ್ಟರು. "ಇದ ದೊಡ್ಡದ ಮಾಡು." ಮಾಡಿದೆ. "ಕಾಯಿಕೊರಕ ಹುಳ ಅದ ನೋಡು. ಕಡ್ಲಿಗೂ ಬೀಳ್ತದ ಇದು."

ರೊಟ್ಟಿ ಮುಗಿಸಿ ಕೈ ತೊಳೆದವರೇ, ಗುಡಿಸಲಿಗೆ ಒರಗಿಸಿದ್ದ ಎರಡು ಕೋಲು ಹೆಗಲಿಗೇರಿಸಿಕೊಂಡು ಕಡಲೆ ಹೊಲದ ಕಡೆ ನಡೆದರು.